ನರ್ಸಿಂಗ್ ಅಂದರೆ ಇಂಜೆಕ್ಷನ್ ಮಾತ್ರವಲ್ಲ: ರೋಗಿಯ ಸ್ಥಿತಿ ಹದಗೆಡುವುದನ್ನು ಮೊದಲೇ ಗುರುತಿಸುವುದು ಹೇಗೆ?

"ಈಗಷ್ಟೇ ಮಲಗಿದ್ದಾರೆ ಸಿಸ್ಟರ್, ಎಬ್ಬಿಸ್ಬೇಡಿ." ರಾತ್ರಿ ವಾರ್ಡಿನಲ್ಲಿ ಬಿಪಿ ನೋಡಲು ಬರುವ ನರ್ಸ್‌ಗೆ ನಮ್ಮಲ್ಲಿ ಹೆಚ್ಚಿನವರು ಹೇಳುವ ಮಾತು ಇದು. ರೋಗಿಯ ಮೇಲಿನ ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಅದು ನಿದ್ದೆಯೋ ಅಥವಾ ಪ್ರಜ್ಞೆ ಕಡಿಮೆಯಾಗುತ್ತಿರುವುದೋ ಎಂದು ಎಬ್ಬಿಸಿ ಮಾತನಾಡಿಸದೆ ತಿಳಿಯುವುದಿಲ್ಲ. ಆ ನರ್ಸ್ ಬಂದದ್ದು ಬಿಪಿಯ ಸಂಖ್ಯೆ ಬರೆದುಕೊಂಡು ಹೋಗುವುದಕ್ಕೆ ಮಾತ್ರವಲ್ಲ. ನಾಲ್ಕು ಗಂಟೆ ಹಿಂದೆ ನೋಡಿದ ಮನುಷ್ಯ ಈಗಲೂ ಹಾಗೆಯೇ ಇದ್ದಾರಾ ಎಂದು ನೋಡುವುದಕ್ಕೆ.

ನಮ್ಮ ಮನೆಗಳಲ್ಲಿ ನರ್ಸಿಂಗ್ ಬಗ್ಗೆ ಇರುವ ಕಲ್ಪನೆ ಸಣ್ಣದು. ಇಂಜೆಕ್ಷನ್ ಕೊಡುವುದು, ಡ್ರಿಪ್ ಹಾಕುವುದು, ಡಾಕ್ಟರ್ ಹೇಳಿದ್ದನ್ನು ಮಾಡುವುದು, ಅಷ್ಟೆ. ವಾಸ್ತವದಲ್ಲಿ ಡಾಕ್ಟರ್ ರೋಗಿಯ ಬಳಿ ಇರುವುದು ದಿನಕ್ಕೆ ಕೆಲವೇ ನಿಮಿಷ. ಉಳಿದ ಹೊತ್ತು ರೋಗಿ ಇರುವುದು ನರ್ಸ್‌ಗಳ ಕಣ್ಣಿನ ಕೆಳಗೆ. ಸ್ಥಿತಿ ಹದಗೆಡುವುದನ್ನು ಮೊದಲು ಕಾಣುವ ಅವಕಾಶ ಇರುವುದೂ ಅವರಿಗೇ. ಆ ಕೆಲಸದ ಮೂಲ ಪಾಠಗಳನ್ನು ನರ್ಸಿಂಗ್ ಓದಲು ಹೊರಟ ಯುವಕ ಯುವತಿಯರಿಗೂ, ಮನೆಯಲ್ಲಿ ಉಮ್ಮನನ್ನೋ ಅಜ್ಜನನ್ನೋ ನೋಡಿಕೊಳ್ಳುವವರಿಗೂ ಉಪಯೋಗವಾಗುವಂತೆ ಇಲ್ಲಿ ಕೊಡಲಾಗಿದೆ.

ತಳಪಾಯ ಯಾವುದು?

ಇಸ್ಲಾಮಿ ಚರಿತ್ರೆಯಲ್ಲಿ ರುಫೈದಾ ಅಲ್ ಅಸ್ಲಮಿಯ್ಯಾ (ರ.ಅ.) ಅವರ ಹೆಸರು ಆರೈಕೆಯೊಂದಿಗೆ ಸೇರಿಕೊಂಡಿದೆ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ.ಅ.) ಅವರನ್ನು ನೋಡಿಕೊಂಡದ್ದು ಮದೀನಾದ ಮಸೀದಿಯ ಬಳಿ ಇದ್ದ ಅವರ ಡೇರೆಯಲ್ಲಿ. ಆಧುನಿಕ ನರ್ಸಿಂಗ್‌ಗೆ ತಳಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು.

ಇಂದು ನರ್ಸಿಂಗ್ ಕಾಲೇಜುಗಳಲ್ಲಿ ಈ ಕೆಲಸವನ್ನು ಐದು ಹೆಜ್ಜೆಗಳಾಗಿ ಕಲಿಸುತ್ತಾರೆ: ಪರಿಶೀಲನೆ, ಸಮಸ್ಯೆ ಗುರುತಿಸುವುದು, ಯೋಜನೆ, ಕಾರ್ಯ, ಫಲಿತಾಂಶದ ಪರಿಶೀಲನೆ. ಕೊನೆಯ ಹೆಜ್ಜೆಯನ್ನು ಮರೆಯುವವರು ಜಾಸ್ತಿ. ನೋವಿನ ಮಾತ್ರೆ ಕೊಟ್ಟರೆ ಕೆಲಸ ಮುಗಿಯಲಿಲ್ಲ. ಸ್ವಲ್ಪ ಹೊತ್ತಿನ ನಂತರ ಹೋಗಿ "ನೋವು ಕಡಿಮೆ ಆಯ್ತಾ?" ಎಂದು ಕೇಳಿದಾಗ ಮಾತ್ರ ಮುಗಿಯುತ್ತದೆ.

ಕ್ಲಿನಿಕಲ್ ಜಡ್ಜ್‌ಮೆಂಟ್, ಅಂದರೆ ರೋಗಿಯ ಪಕ್ಕದಲ್ಲಿ ನಿಂತು ಮಾಡುವ ತೀರ್ಮಾನವನ್ನು ಅಮೆರಿಕದ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ನಾಲ್ಕು ಭಾಗಗಳಾಗಿ ವಿವರಿಸಿದರು: ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಸ್ಪಂದಿಸುವುದು, ನಂತರ ಹಿಂತಿರುಗಿ ಯೋಚಿಸುವುದು. ಗಮನಿಸಲು ಮೊದಲು ರೋಗಿಯ ಮಾಮೂಲಿ ಸ್ಥಿತಿ ಗೊತ್ತಿರಬೇಕು. ಮಾಮೂಲಿ ಗೊತ್ತಿಲ್ಲದವರಿಗೆ ಬದಲಾವಣೆ ಕಾಣುವುದಿಲ್ಲ.

ಆರು ಅಳತೆಗಳು

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಒಂದು ಸರಳ ಅಂಕಪಟ್ಟಿ ತಂದು, 2017ರಲ್ಲಿ ಪರಿಷ್ಕರಿಸಿತು. ಇದರ ಹೆಸರು ನ್ಯೂಸ್-2. ಪ್ರತಿ ಅಳತೆಗೆ 0ಯಿಂದ 3ರವರೆಗೆ ಅಂಕ. ಅಂಕ ಹೆಚ್ಚಾದಷ್ಟು ಅಪಾಯ ಹೆಚ್ಚು. 0 ಅಂಕ ಸಿಗುವ ಮಿತಿಗಳು ಹೀಗಿವೆ:

1. ಉಸಿರಾಟ: ನಿಮಿಷಕ್ಕೆ 12ರಿಂದ 20
2. ಆಕ್ಸಿಜನ್ ಪ್ರಮಾಣ: ಶೇ. 96 ಮತ್ತು ಮೇಲೆ
3. ಬಿಪಿಯ ಮೇಲಿನ ಸಂಖ್ಯೆ: 111ರಿಂದ 219
4. ನಾಡಿ: ನಿಮಿಷಕ್ಕೆ 51ರಿಂದ 90
5. ಪ್ರಜ್ಞೆ: ಎಚ್ಚರವಾಗಿ, ಸರಿಯಾಗಿ ಉತ್ತರಿಸುವ ಸ್ಥಿತಿ
6. ದೇಹದ ಉಷ್ಣತೆ: 36.1ರಿಂದ 38 ಡಿಗ್ರಿ ಸೆಲ್ಸಿಯಸ್ (ಸುಮಾರು 97ರಿಂದ 100.4 ಡಿಗ್ರಿ ಫ್ಯಾರನ್‌ಹೀಟ್)

ರೋಗಿಗೆ ಆಕ್ಸಿಜನ್ ಕೊಡುತ್ತಿದ್ದರೆ ಇನ್ನೂ 2 ಅಂಕ ಸೇರುತ್ತದೆ. ಒಟ್ಟು 5 ಅಥವಾ 6 ಆದರೆ ವೈದ್ಯರು ತುರ್ತಾಗಿ ಬಂದು ನೋಡಬೇಕು. 7 ಅಥವಾ ಮೇಲಾದರೆ ಅದು ಎಮರ್ಜೆನ್ಸಿ. ಒಂದೇ ಅಳತೆಯಲ್ಲಿ 3 ಬಂದರೂ ತಡಮಾಡುವಂತಿಲ್ಲ. 16 ವರ್ಷದೊಳಗಿನವರಿಗೆ ಮತ್ತು ಗರ್ಭಿಣಿಯರಿಗೆ ಈ ಪಟ್ಟಿ ಅನ್ವಯಿಸುವುದಿಲ್ಲ. ಇದು ಒಳಗಿನಿಂದ ಸ್ಥಿತಿ ಹದಗೆಡುತ್ತಿದೆಯೇ ಎಂದು ನೋಡುವ ಪಟ್ಟಿ. ಬಿಪಿ 200 ಇದ್ದರೂ 0 ಅಂಕ ಅಂದರೆ ಆ ಬಿಪಿಗೆ ಚಿಕಿತ್ಸೆ ಬೇಡ ಎಂದಲ್ಲ.

ಆರರಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವುದು ಉಸಿರಾಟದ ಎಣಿಕೆ. ಬೇರೆ ಹೆಚ್ಚಿನವಕ್ಕೆ ಯಂತ್ರ ಉಂಟು, ಇದಕ್ಕೆ ಗಡಿಯಾರ ಹಿಡಿದು ಒಂದು ನಿಮಿಷ ನಿಲ್ಲಬೇಕು. ಹಾಗಾಗಿ ಕೆಲವು ಚಾರ್ಟುಗಳಲ್ಲಿ ಎಣಿಸದೆಯೇ "20" ಎಂದು ಬರೆದಿರುವುದು ಉಂಟು. ಆದರೆ ಸೋಂಕು ರಕ್ತಕ್ಕೆ ಹರಡುವಾಗ, ಶ್ವಾಸಕೋಶದಲ್ಲಿ ನೀರು ತುಂಬುವಾಗ ಬಿಪಿ ಇಳಿಯುವ ಎಷ್ಟೋ ಮೊದಲೇ ಉಸಿರು ಜಾಸ್ತಿಯಾಗುತ್ತದೆ. ಎಣಿಸುತ್ತಿದ್ದೇವೆ ಎಂದು ರೋಗಿಗೆ ಗೊತ್ತಾದರೆ ಉಸಿರಾಟ ಬದಲಾಗುತ್ತದೆ. ಅದಕ್ಕೆ ನಾಡಿ ನೋಡುವಂತೆ ಕೈ ಹಿಡಿದುಕೊಂಡೇ ಎದೆಯ ಏರಿಳಿತ ಎಣಿಸುವುದು ಹಳೆಯ ಉಪಾಯ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಕೋವಿಡ್ ನಂತರ ಹಲವು ಮನೆಗಳಲ್ಲಿ ಉಂಟು. ಕೈ ತಣ್ಣಗಿದ್ದರೆ, ಉಗುರಿಗೆ ಪಾಲಿಶ್ ಅಥವಾ ದಟ್ಟ ಕಪ್ಪು ಮೆಹೆಂದಿ ಇದ್ದರೆ ರೀಡಿಂಗ್ ತಪ್ಪಾಗಬಹುದು. ಕೈ ಬೆಚ್ಚಗೆ ಮಾಡಿ, ಬೇರೆ ಬೆರಳಲ್ಲಿ ಇನ್ನೊಮ್ಮೆ ನೋಡಬೇಕು. ಯಂತ್ರ 97 ತೋರಿಸುತ್ತಿದ್ದರೂ ರೋಗಿ ಒಂದು ವಾಕ್ಯ ಪೂರ್ತಿ ಮಾಡಲು ಕಷ್ಟಪಡುತ್ತಿದ್ದರೆ ನಂಬಬೇಕಾದದ್ದು ರೋಗಿಯನ್ನು.

ಒಂದು ರಾತ್ರಿಯ ಲೆಕ್ಕ

ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಉಪ್ಪಳ ಕಡೆಯ 64 ವರ್ಷದ ಒಬ್ಬರು. ಕರುಳಿನ ಆಪರೇಷನ್ ಆಗಿ ಮೂರನೇ ದಿನ. ಸಂಜೆ 6 ಗಂಟೆಗೆ ಉಸಿರಾಟ 18, ಆಕ್ಸಿಜನ್ 97, ಬಿಪಿ 128, ನಾಡಿ 88, ಉಷ್ಣತೆ 37.4. ಒಟ್ಟು ಅಂಕ 0.

ರಾತ್ರಿ 10 ಗಂಟೆಗೆ ಉಸಿರಾಟ 22, ಆಕ್ಸಿಜನ್ 95, ಬಿಪಿ 108, ನಾಡಿ 104, ಉಷ್ಣತೆ 38.2. ಒಂದೊಂದನ್ನೇ ನೋಡಿದರೆ ಯಾವುದೂ ಹೆದರಿಸುವ ಸಂಖ್ಯೆ ಅಲ್ಲ. "ಸ್ವಲ್ಪ ಜ್ವರ ಉಂಟು, ಪ್ಯಾರಸಿಟಮಾಲ್ ಕೊಟ್ಟು ಬೆಳಿಗ್ಗೆ ನೋಡುವ" ಎಂದು ಬಿಡುವುದು ತುಂಬ ಸುಲಭ. ಆದರೆ ಅಂಕ ಕೂಡಿಸಿ: ಉಸಿರಾಟಕ್ಕೆ 2, ಆಕ್ಸಿಜನ್‌ಗೆ 1, ಬಿಪಿಗೆ 1, ನಾಡಿಗೆ 1, ಜ್ವರಕ್ಕೆ 1. ಒಟ್ಟು 6. ನಾಲ್ಕು ಗಂಟೆಯಲ್ಲಿ ಸೊನ್ನೆಯಿಂದ ಆರಕ್ಕೆ. ಕರುಳಿನ ಹೊಲಿಗೆಯಲ್ಲಿ ಸೋರಿಕೆ ಆಗಿ ಸೋಂಕು ಹರಡುತ್ತಿದೆಯೇ ಎಂಬ ಪ್ರಶ್ನೆ ಈಗಲೇ ಏಳಬೇಕು, ಬೆಳಿಗ್ಗೆಯಲ್ಲ.

ಆಗ ಪಕ್ಕದಲ್ಲಿದ್ದ ಹೆಂಡತಿ ಹೇಳುತ್ತಾರೆ: "ಸಿಸ್ಟರ್, ಸಂಜೆಯವರೆಗೆ ಸರಿ ಮಾತಾಡ್ತಾ ಇದ್ರು. ಈಗ ನನ್ನನ್ನು ತಂಗಿಯ ಹೆಸರಿಂದ ಕರೀತಿದ್ದಾರೆ." ಹೊಸದಾಗಿ ಬಂದ ಗೊಂದಲಕ್ಕೆ ನ್ಯೂಸ್-2ರಲ್ಲಿ 3 ಅಂಕ. ಒಟ್ಟು 9. ಇದು ಎಮರ್ಜೆನ್ಸಿ. ಇಡೀ ಲೆಕ್ಕದಲ್ಲಿ ಅತಿ ದೊಡ್ಡ ಅಂಕ ಬಂದದ್ದು ಯಾವ ಯಂತ್ರದಿಂದಲೂ ಅಲ್ಲ, ಹೆಂಡತಿಯ ಮಾತಿನಿಂದ.

ಭಾಷೆ ಗೊತ್ತಿರುವವರೇ ಹಿಡಿಯಬಲ್ಲ ಲಕ್ಷಣ

ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ಆ ರೋಗಿ ಮಾತನಾಡುವುದು ಬ್ಯಾರಿ ಭಾಷೆ ಮಾತ್ರ, ನರ್ಸ್‌ಗೆ ಬ್ಯಾರಿ ಬಾರದು ಎಂದಿಟ್ಟುಕೊಳ್ಳಿ. ಅಜ್ಜ ಏನೋ ಹೇಳುತ್ತಾರೆ, ನರ್ಸ್ ತಲೆಯಾಡಿಸಿ ಹೋಗುತ್ತಾರೆ. ಚಾರ್ಟಿನಲ್ಲಿ "ಎಚ್ಚರವಾಗಿದ್ದಾರೆ" ಎಂದು ದಾಖಲಾಗುತ್ತದೆ. ಗೊಂದಲ ಇದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆ ಒಂದೇ ವಾರ್ಡಿನಲ್ಲಿ ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಮಾತನಾಡುವವರು ಇರುತ್ತಾರೆ. ನಮ್ಮ ಹಿರಿಯರು, ಅದರಲ್ಲೂ ಹೆಂಗಸರು ನೋವನ್ನು ಬೇರೆ ಭಾಷೆಯಲ್ಲಿ ಬಿಡಿಸಿ ಹೇಳಲಾರರು. ಮೂತ್ರ ಕಟ್ಟಿದ್ದನ್ನೋ, ರಕ್ತಸ್ರಾವವನ್ನೋ ಪರ ಪುರುಷನ ಎದುರು ಹೇಳಲು ನಾಚಿಕೊಂಡು "ಏನಿಲ್ಲ, ಸುಸ್ತು ಅಷ್ಟೆ" ಎಂದುಬಿಡುತ್ತಾರೆ. ಅವರ ಭಾಷೆ ಬಲ್ಲ ಒಬ್ಬ ನರ್ಸ್ ಪರದೆ ಎಳೆದು, ಪಕ್ಕ ಕೂತು ಎರಡು ಮಾತು ಕೇಳಿದರೆ ವಿಷಯ ಹೊರಬರುತ್ತದೆ. ನಮ್ಮ ಸಮುದಾಯದಿಂದ ಇನ್ನಷ್ಟು ನರ್ಸ್‌ಗಳು ಬರಬೇಕು ಎನ್ನುವುದಕ್ಕೆ ಸಂಬಳಕ್ಕಿಂತ ದೊಡ್ಡ ಕಾರಣ ಇದು.

ಜೊತೆಗಿರುವವರಿಗೂ ಇದರಲ್ಲಿ ಪಾಠ ಉಂಟು. "ಇವರು ಯಾವಾಗಲೂ ಹೀಗಲ್ಲ" ಎಂದು ನಿಮಗೆ ಅನಿಸಿದರೆ ಸಂಕೋಚ ಬಿಟ್ಟು ಹೇಳಿ. ಒಮ್ಮೆ ಕೇಳಿಸಿಕೊಳ್ಳದಿದ್ದರೆ ಇನ್ನೊಮ್ಮೆ ಹೇಳಿ.

ಒಂದೇ ಸಂಖ್ಯೆ, ಬೇರೆ ಬೇರೆ ಅರ್ಥ

ಪಟ್ಟಿ ಇದ್ದ ಮಾತ್ರಕ್ಕೆ ಯೋಚನೆ ಬೇಡ ಎಂದಲ್ಲ.

ಆಕ್ಸಿಜನ್ 90 ಅಂದರೆ ಆರೋಗ್ಯವಂತ ಯುವಕನಲ್ಲಿ ಗಾಬರಿಯ ವಿಷಯ. ಆದರೆ ವರ್ಷಗಟ್ಟಲೆ ಬೀಡಿ ಸೇದಿ ಸಿಒಪಿಡಿ ಆದ ಕೆಲವರಿಗೆ ವೈದ್ಯರೇ ನಿಗದಿ ಮಾಡುವ ಗುರಿ 88ರಿಂದ 92. ಅಂಥವರಿಗೆ ಮನೆಯವರು "ಜಾಸ್ತಿ ಇರಲಿ" ಎಂದು ಆಕ್ಸಿಜನ್ ತಿರುಗಿಸಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಕವಿಯಬಹುದು.

ನಾಡಿ 80 ಅಂದರೆ ಸರಿಯೇ ಅಲ್ಲವೇ? ರಕ್ತಸ್ರಾವ ಆಗುತ್ತಿರುವ ವ್ಯಕ್ತಿ ಬಿಪಿಗೆ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತಿನ್ನುವವರಾದರೆ ನಾಡಿ ಏರದೇ ಇರಬಹುದು. ಮಾತ್ರೆ ಅದನ್ನು ಹಿಡಿದಿಟ್ಟಿರುತ್ತದೆ. ಹಾಗೆಯೇ ವಯಸ್ಸಾದವರಲ್ಲಿ ದೊಡ್ಡ ಸೋಂಕು ಇದ್ದರೂ ಜ್ವರ ಬಾರದಿರಬಹುದು. ಊಟ ಬಿಡುವುದು, ಮಂಕಾಗುವುದು, ಬೀಳುವುದು ಇವೇ ಮೊದಲ ಲಕ್ಷಣಗಳಾಗಬಹುದು.

ಸಕ್ಕರೆ ಕಾಯಿಲೆ ಇರುವವರಿಗೆ ಹೃದಯಾಘಾತದಲ್ಲಿ ಎದೆನೋವೇ ಬಾರದಿರಬಹುದು. ಬೆವರು, ಉಬ್ಬಸ, ದವಡೆ ಅಥವಾ ಹೊಟ್ಟೆಯ ಮೇಲ್ಭಾಗದ ನೋವು ಅಷ್ಟೆ. ನಮ್ಮಲ್ಲಿ ಇದಕ್ಕೆಲ್ಲ ಒಂದೇ ಹೆಸರು, "ಗ್ಯಾಸ್". ಸೋಡಾ ಕುಡಿಸಿ ಮಲಗಿಸುವ ಮೊದಲು ಒಂದು ಇಸಿಜಿ ಮಾಡಿಸಿ.

ಡಾಕ್ಟರಿಗೆ ಫೋನ್ ಮಾಡುವಾಗ

ಗಮನಿಸಿದ್ದನ್ನು ಸರಿಯಾಗಿ ಹೇಳದಿದ್ದರೆ ಗಮನಿಸಿ ಪ್ರಯೋಜನವಿಲ್ಲ. "ಡಾಕ್ಟ್ರೇ, ಪೇಷೆಂಟ್ ಸ್ವಲ್ಪ ಸರಿ ಇಲ್ಲ" ಎಂದರೆ ನಿದ್ದೆಗಣ್ಣಿನ ಡಾಕ್ಟರಿಗೆ ಏನೂ ಅರ್ಥವಾಗುವುದಿಲ್ಲ. ಅಮೆರಿಕದ ನೌಕಾಪಡೆಯ ಸಬ್‌ಮೆರೀನ್‌ಗಳಲ್ಲಿ ಶುರುವಾಗಿ ಆಸ್ಪತ್ರೆಗಳಿಗೆ ಬಂದ ಎಸ್‌ಬಿಎಆರ್ ಎಂಬ ಕ್ರಮವನ್ನು ಈಗ ಎಲ್ಲೆಡೆ ಕಲಿಸುತ್ತಾರೆ. ನಾಲ್ಕು ಭಾಗ:

ಸದ್ಯದ ಸ್ಥಿತಿ: "5ನೇ ಬೆಡ್‌ನ ರೋಗಿಗೆ ನ್ಯೂಸ್ ಅಂಕ 9, ಹೊಸದಾಗಿ ಗೊಂದಲ."
ಹಿನ್ನೆಲೆ: "64 ವರ್ಷ, ಕರುಳಿನ ಆಪರೇಷನ್ ಆಗಿ ಮೂರನೇ ದಿನ, ಸಂಜೆ ಅಂಕ 0 ಇತ್ತು."
ನನ್ನ ಅಂದಾಜು: "ಸೋಂಕು ರಕ್ತಕ್ಕೆ ಹರಡಿರಬಹುದು ಅನಿಸುತ್ತದೆ."
ಬೇಡಿಕೆ: "ನೀವು ಈಗಲೇ ಬಂದು ನೋಡಬೇಕು. ಅಷ್ಟರಲ್ಲಿ ರಕ್ತ ಪರೀಕ್ಷೆಗೆ ತೆಗೆಯಲೇ?"

ಮೂರನೇ ಮತ್ತು ನಾಲ್ಕನೇ ಭಾಗ ಹೇಳಲು ಹೊಸ ನರ್ಸ್‌ಗಳು ಹೆದರುತ್ತಾರೆ. ಡಾಕ್ಟರಿಗೆ ನಾನು ಹೇಳುವುದಾ ಎಂಬ ಅಳುಕು. ಆ ಅಳುಕಿನಲ್ಲಿ ಕಳೆದ ಒಂದು ಗಂಟೆಗೆ ಬೆಲೆ ಕೊಡುವುದು ರೋಗಿ. ಮನೆಯಿಂದ ಡಾಕ್ಟರಿಗೋ 108ಕ್ಕೋ ಫೋನ್ ಮಾಡುವವರೂ ಇದೇ ಕ್ರಮ ಬಳಸಬಹುದು.

ಔಷಧಿಯಲ್ಲಿ ಐದು "ಸರಿ"ಗಳು

ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಸಮಯ. ನರ್ಸಿಂಗ್‌ನ ಮೊದಲ ವರ್ಷದ ಪಾಠ ಇದು. ಒಂದೇ ವಾರ್ಡಿನಲ್ಲಿ ಇಬ್ಬರು ಮುಹಮ್ಮದ್, ಮೂವರು ಫಾತಿಮಾ ಇರುವುದು ನಮ್ಮ ಕಡೆ ಸಾಮಾನ್ಯ. "ಫಾತಿಮಾ ಅಲ್ವಾ?" ಎಂದು ಕೇಳಿದರೆ ಮೂವರೂ "ಹೌದು" ಎನ್ನುತ್ತಾರೆ. "ನಿಮ್ಮ ಪೂರ್ತಿ ಹೆಸರು ಹೇಳಿ" ಎಂದು ಕೇಳಿ, ಕೈಪಟ್ಟಿ ಮತ್ತು ಆಸ್ಪತ್ರೆ ನಂಬರ್ ತಾಳೆ ನೋಡಬೇಕು.

ನಮ್ಮ ಮನೆಗಳಲ್ಲಿ ವಿಶೇಷವಾಗಿ ಎಚ್ಚರಿಸಬೇಕಾದದ್ದು ಇನ್ಸುಲಿನ್ ಬಗ್ಗೆ. ಭಾರತದಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಹಲವು ಒಂದು ಎಂಎಲ್‌ಗೆ 40 ಯೂನಿಟ್‌ನವು. ಗಲ್ಫ್‌ನಿಂದ ತರುವುದು 100 ಯೂನಿಟ್‌ನದ್ದು. ಸಿರಿಂಜ್ ಕೂಡ ಬೇರೆ. ಸಾಮಾನ್ಯವಾಗಿ 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ಗಲ್ಫ್‌ನಿಂದ ಬಂದ ಇನ್ಸುಲಿನ್ನನ್ನು 40ರ ಸಿರಿಂಜ್‌ನಲ್ಲಿ "20" ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 20 ಅಲ್ಲ, 50 ಯೂನಿಟ್. ಎರಡೂವರೆ ಪಟ್ಟು! ಮಗ ಪ್ರೀತಿಯಿಂದ ಕಳಿಸಿದ ಬಾಟಲಿಯೇ ಸಕ್ಕರೆ ಪೂರ್ತಿ ಇಳಿಸಿ ಜೀವಕ್ಕೆ ಅಪಾಯ ತರಬಹುದು. ಬಾಟಲಿ ಮೇಲಿನ ಸಂಖ್ಯೆ, ಸಿರಿಂಜ್ ಮೇಲಿನ ಸಂಖ್ಯೆ ಎರಡೂ ಒಂದೇ ಆಗಿರಬೇಕು.

ರಂಝಾನ್‌ನಲ್ಲಿ ಸಕ್ಕರೆ ಕಾಯಿಲೆ

ಉಪವಾಸ ಹಿಡಿಯಬಹುದೇ, ಮಾತ್ರೆ ಮತ್ತು ಇನ್ಸುಲಿನ್ ಪ್ರಮಾಣ ಹೇಗೆ ಬದಲಿಸಬೇಕು ಎಂದು ರಂಝಾನ್‌ಗೆ ಆರರಿಂದ ಎಂಟು ವಾರ ಮೊದಲೇ ವೈದ್ಯರಲ್ಲಿ ಕೇಳಬೇಕು. ಉಪವಾಸದಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು ಎಂಬುದು ಅಂತಾರಾಷ್ಟ್ರೀಯ ಮಾರ್ಗಸೂಚಿ. ಬೆರಳು ಚುಚ್ಚಿ ಪರೀಕ್ಷಿಸುವುದರಿಂದ ಉಪವಾಸ ಮುರಿಯುವುದಿಲ್ಲ ಎಂಬುದು ಬಹುತೇಕ ಉಲಮಾಗಳ ಅಭಿಪ್ರಾಯ. ಕೈ ನಡುಕ, ತಣ್ಣನೆ ಬೆವರು, ಸಿಟ್ಟು, ತೊದಲು ಮಾತು ಕಂಡರೆ "ಮಗ್ರಿಬ್‌ಗೆ ಇನ್ನು ಅರ್ಧ ಗಂಟೆ ತಾನೇ" ಎಂದು ಕಾಯಬಾರದು. ಎಚ್ಚರ ಇದ್ದರೆ ಮೂರು ನಾಲ್ಕು ಚಮಚ ಸಕ್ಕರೆ ಕಲಸಿದ ನೀರು ಕೊಟ್ಟು, 15 ನಿಮಿಷದ ನಂತರ ಪುನಃ ಪರೀಕ್ಷಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕೊಂಡುಹೋಗಿ.

ಹಾಸಿಗೆ ಹಿಡಿದವರ ಆರೈಕೆ

ಕಾಸರಗೋಡು ಜಿಲ್ಲೆಯ ಗೇರು ತೋಟಗಳಲ್ಲಿ 2000ದವರೆಗೂ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರ ಫಲವನ್ನು ಎಣ್ಮಕಜೆಯಂಥ ಪಂಚಾಯತ್‌ಗಳ ಮನೆಗಳು ಇಂದಿಗೂ ಅನುಭವಿಸುತ್ತಿವೆ. ಅಲ್ಲಿ ಹತ್ತಾರು ವರ್ಷ ಹಾಸಿಗೆಯಲ್ಲೇ ಇರುವ ಮಕ್ಕಳನ್ನು ನೋಡಿಕೊಂಡ ತಾಯಂದಿರು ಯಾವ ಕಾಲೇಜಿಗೂ ಹೋಗದೆ ನರ್ಸ್‌ಗಳಾದವರು. ಪಾರ್ಶ್ವವಾಯು ಆದ ಹಿರಿಯರು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ಇವರೆಲ್ಲರ ದೊಡ್ಡ ಶತ್ರು ಒತ್ತಡದ ಹುಣ್ಣು.

- ಮಲಗಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.
- ಸೊಂಟದ ಹಿಂಭಾಗ, ಹಿಮ್ಮಡಿ, ಸೊಂಟದ ಬದಿ, ಮೊಣಕೈ, ತಲೆಯ ಹಿಂಭಾಗ ದಿನವೂ ನೋಡಿ.
- ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ. ಬಿಟ್ಟಾಗ ಬಿಳಿಯಾಗದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು. ಬಿಸಿ, ಗಟ್ಟಿ, ನೋವು ಇದೆಯೇ ಎಂದು ಮುಟ್ಟಿ ನೋಡಿ.
- ಆ ಜಾಗವನ್ನು ಎಣ್ಣೆ ಹಾಕಿ ತಿಕ್ಕಬೇಡಿ. ಬಳೆಯಾಕಾರದ ದಿಂಬು ಇಡಬೇಡಿ. ಎರಡರಿಂದಲೂ ಹಾನಿ ಹೆಚ್ಚು.
- ಎಳೆದು ಸರಿಸಬೇಡಿ. ಇಬ್ಬರು ಸೇರಿ ಬಟ್ಟೆ ಹಿಡಿದು ಎತ್ತಿ ಸರಿಸಿ.

ಕೇರಳ 2008ರಲ್ಲಿ ಉಪಶಾಮಕ ಆರೈಕೆಗೆ ನೀತಿ ರೂಪಿಸಿದ ದೇಶದ ಮೊದಲ ರಾಜ್ಯ. ಅದರಂತೆ ಪಂಚಾಯತ್‌ನ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ಅಲ್ಲಿನವರು ಆಶಾ ಕಾರ್ಯಕರ್ತೆ ಅಥವಾ ವಾರ್ಡ್ ಸದಸ್ಯರ ಮೂಲಕ ವಿಚಾರಿಸಿ ಈ ಸೇವೆ ಪಡೆಯಬೇಕು.

ಗಡಿ ಊರಿನವರಿಗೆ ಸಮಯವೇ ಔಷಧಿ

2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿ ಮಂಗಳೂರಿಗೆ ಹೊರಟ ಆಂಬುಲೆನ್ಸ್‌ಗಳು ವಾಪಸಾದದ್ದನ್ನು ಮಂಜೇಶ್ವರ, ಕಾಸರಗೋಡಿನವರು ಮರೆತಿಲ್ಲ. ಗಡಿ ತೆರೆದಿರುವಾಗಲೂ ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಉಂಟು. ಹಾಗಾಗಿ ಒಂದು ಗಂಟೆ ಮೊದಲು ಗುರುತಿಸುವುದು ನಮಗೆ ಬೇರೆಯವರಿಗಿಂತ ಹೆಚ್ಚು ಮುಖ್ಯ. ಬಾಯಿ ಒಂದು ಬದಿಗೆ ವಾಲುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಇವು ಪಾರ್ಶ್ವವಾಯುವಿನ ಲಕ್ಷಣ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. "ಕೊನೆಗೆ ಸರಿ ಇದ್ದದ್ದು ಎಷ್ಟು ಗಂಟೆಗೆ?" ಎಂಬುದೇ ಆಸ್ಪತ್ರೆಯವರ ಮೊದಲ ಪ್ರಶ್ನೆ. ಆ ಸಮಯ ಬರೆದಿಟ್ಟುಕೊಳ್ಳಿ.

ಓದಲು ಹೊರಟವರಿಗೆ

ಎಎನ್‌ಎಂ ಎರಡು ವರ್ಷ, ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಜಿಎನ್‌ಎಂ ಮತ್ತು ಬಿಎಸ್ಸಿ ಹುಡುಗರಿಗೂ ಉಂಟು, ಅವರಿಗೂ ಬೇಡಿಕೆ ಇದೆ. ಏಜೆಂಟರ ಮಾತು ನಂಬಿ ಫೀಸ್ ಕಟ್ಟುವ ಮೊದಲು ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ನೋಡಿ. ಮಂಗಳೂರಿನಲ್ಲಿ ಓದಿ ಕರ್ನಾಟಕದ ಕೌನ್ಸಿಲ್‌ನಲ್ಲಿ ನೋಂದಣಿಯಾದವರು ಕೇರಳದಲ್ಲಿ ಕೆಲಸ ಮಾಡಬೇಕಾದರೆ ಅಲ್ಲಿನ ಕೌನ್ಸಿಲ್‌ನಲ್ಲೂ ನೋಂದಾಯಿಸಬೇಕು.

ಗಲ್ಫ್‌ಗೆ ಹೋಗುವವರಿಗೆ ದುಬೈಯಲ್ಲಿ, ಸೌದಿಯಲ್ಲಿ ಬೇರೆ ಬೇರೆ ಲೈಸೆನ್ಸ್ ಪರೀಕ್ಷೆ ಉಂಟು. ಅಮೆರಿಕ, ಕೆನಡಾಕ್ಕೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ 2023ರ ಏಪ್ರಿಲ್‌ನಿಂದ ಬದಲಾಗಿದೆ. ಈಗ ಅದರಲ್ಲಿ ಒಂದು ರೋಗಿಯ ಪೂರ್ತಿ ಚಾರ್ಟ್ ಕೊಟ್ಟು, ಯಾವ ಸುಳಿವು ಮುಖ್ಯ, ಏನಾಗಿರಬಹುದು, ಮೊದಲು ಏನು ಮಾಡುತ್ತೀರಿ, ಮಾಡಿದ್ದು ಫಲ ಕೊಟ್ಟಿತೇ ಎಂದು ಹಂತ ಹಂತವಾಗಿ ಕೇಳುತ್ತಾರೆ. ಉತ್ತರ ಬಾಯಿಪಾಠ ಮಾಡಿದವರಿಗೆ ಇದು ಕಷ್ಟ. ವಾರ್ಡಿನಲ್ಲಿ ನಿಂತು ನೋಡಿದವರಿಗೆ ಸುಲಭ.

ನರ್ಸ್ ಹೊಸಬರಿಂದ ನಿಪುಣರಾಗುವ ದಾರಿಯನ್ನು ಪೆಟ್ರೀಶಿಯಾ ಬೆನ್ನರ್ 1984ರಲ್ಲಿ ಐದು ಹಂತಗಳಲ್ಲಿ ವಿವರಿಸಿದ್ದಾರೆ. ಮೊದಲ ಹಂತದವರು ನಿಯಮ ಹಿಡಿದು ನಡೆಯುತ್ತಾರೆ, ಕೊನೆಯ ಹಂತದವರಿಗೆ ಬಾಗಿಲಲ್ಲಿ ನಿಂತಾಗಲೇ ಏನೋ ಸರಿ ಇಲ್ಲ ಎಂದು ತಿಳಿಯುತ್ತದೆ. ಅದು ಪವಾಡವಲ್ಲ. ಸಾವಿರಾರು ಸಲ ಉಸಿರು ಎಣಿಸಿ, ಮೈ ಮುಟ್ಟಿ, ಮಾತನಾಡಿಸಿ ಬಂದ ಅಭ್ಯಾಸ.

ಮುಂದಿನ ಸಲ ರಾತ್ರಿ ನರ್ಸ್ ಬಂದು ಲೈಟ್ ಹಾಕಿದರೆ ಬೇಜಾರು ಮಾಡಿಕೊಳ್ಳಬೇಡಿ. ಎಬ್ಬಿಸಲಿ, ಹೆಸರು ಕೇಳಲಿ. ಸಂಜೆಯಿಂದ ನೀವು ಕಂಡ ಬದಲಾವಣೆ ಏನಾದರೂ ಇದ್ದರೆ ಆಗಲೇ ಹೇಳಿಬಿಡಿ.